ಎರಡನೇ ಸಾಲಿಗೆ ಮತ್ತೆ ಬರುವುದು

(ಹೋದ ತಿಂಗಳು ನಮ್ಮ ಬಡಾವಣೆಯ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಆಡಿದ ಮಾತು ಇದು. ಬರೆಯಲು ಕೂತಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯ ಭಾಗ ಅವತ್ತಿನ ನಂತರ ನಡೆದದ್ದು.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಷ್ಟು ಜನ ಬರುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಹಿಂದೆ ನಿಂತವರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಜಮಖಾನೆ ಹಾಸಿದ್ದಾರೆ.

ನನ್ನ ಕೈಯಲ್ಲಿ ಎರಡು ನೋಟ್‌ಬುಕ್ ಇವೆ. ಇದು ಹಳೆಯದು, ರಟ್ಟು ಬಿಟ್ಟುಕೊಂಡಿದೆ. ಇದರ ಕೊನೆಯ ಕವನದ ಕೆಳಗೆ 1996ರ ತಾರೀಖು ಇದೆ. ಇದು ಹೊಸದು. ಮೊದಲ ಪುಟದಲ್ಲಿ 2020 ಅಂತ ಇದೆ. ನಡುವೆ 24 ವರ್ಷ. ಆ 24 ವರ್ಷದಲ್ಲಿ ನಾನು ಕತೆ ಬರೆದೆ. ಮರಾಠಿಯಿಂದ ಅನುವಾದ ಮಾಡಿದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಎಷ್ಟು ಸುದ್ದಿ ತಿದ್ದಿದೆನೋ ಲೆಕ್ಕವಿಲ್ಲ. ಒಂದೇ ಒಂದು ಕವನ ಬರೆಯಲಿಲ್ಲ.

ಯಾಕೆ ನಿಂತಿತು ಅಂತ ಬಹಳ ಜನ ಕೇಳಿದ್ದಾರೆ. ಯಾರೂ ನನ್ನನ್ನು ತಡೆಯಲಿಲ್ಲ. ಮನೆಯಲ್ಲಿ ಬೇಡ ಅನ್ನಲಿಲ್ಲ. ನನಗೆ ರಾತ್ರಿ ಪಾಳಿ ಇತ್ತು, ಅಷ್ಟೆ. ಸಂಜೆ ಏಳಕ್ಕೆ ಹೋದರೆ ಕೊನೆಯ ಪುಟ ಕಳಿಸಿ ಹೊರಗೆ ಬರುವಾಗ ಎರಡು ಗಂಟೆ. ಮನೆಗೆ ಬಂದು ಮಲಗಿ, ಎದ್ದು, ಮಗಳ ಡಬ್ಬಿ ಕಟ್ಟಿ, ಮತ್ತೆ ಮಲಗಿ ಏಳುವಷ್ಟರಲ್ಲಿ ಮಧ್ಯಾಹ್ನ. ಕವನ ಬರೆಯುವ ಹೊತ್ತು ಅಂತ ಯಾವುದು ಇತ್ತೋ ಅದು ನಿದ್ದೆಯ ಹೊತ್ತಾಯಿತು. ಒಂದು ತಿಂಗಳು ಬರೆಯಲಿಲ್ಲ, ಆರು ತಿಂಗಳು ಬರೆಯಲಿಲ್ಲ. ಆಮೇಲೆ ಬರೆಯದೆ ಇರುವುದೇ ರೂಢಿಯಾಯಿತು. ನೋವಾಗಿದ್ದರೆ ಗೊತ್ತಾಗುತ್ತಿತ್ತೇನೋ. ನೋವೂ ಆಗಲಿಲ್ಲ. ಈಗ ನೆನೆಸಿಕೊಂಡರೆ ನನ್ನನ್ನು ಹೆದರಿಸುವುದು ಅದೇ.

ಆದರೆ ಆ ಡೆಸ್ಕಿನ ಬಗ್ಗೆ ನಾನು ಕೆಟ್ಟದಾಗಿ ಮಾತಾಡಲಾರೆ. ಅಲ್ಲಿ ಕಲಿತದ್ದು ಜಾಸ್ತಿ. ತಲೆಬರಹ ಬರೆಯುವವರಿಗೆ ಗೊತ್ತು, ಎರಡು ಕಾಲಂ ಜಾಗ ಅಂದರೆ ಎರಡೇ ಕಾಲಂ. ಅಕ್ಷರ ಹಿಗ್ಗಿಸಲು ಆಗಲ್ಲ, ಕುಗ್ಗಿಸಿದರೆ ಕಣ್ಣಿಗೆ ಹೊಡೆಯುತ್ತದೆ. 'ಪ್ರತಿಭಟನೆ' ಅನ್ನೋದು ಹಿಡಿಸದಿದ್ದರೆ 'ಧರಣಿ', ಅದೂ ಸುಳ್ಳಾದರೆ ವಾಕ್ಯವನ್ನೇ ಬೇರೆ ಕಡೆಯಿಂದ ಶುರು ಮಾಡಬೇಕು. ಕನ್ನಡದಲ್ಲಿ ಒತ್ತಕ್ಷರ ಇರುವ ಸಾಲು ಕೆಳಗಿನ ಸಾಲಿಗೆ ತಾಗುತ್ತದೆ, ಅದನ್ನೂ ನೋಡಬೇಕು. ಹೀಗೆ ಒಂದು ಮಾತನ್ನು ಕೈಯಲ್ಲಿ ಹಿಡಿದು ತೂಗುವ ಕೆಲಸವನ್ನು ನಾನು 24 ವರ್ಷ ಪ್ರತಿ ರಾತ್ರಿ ಮಾಡಿದೆ. ಕವಿತೆ ಬಿಟ್ಟೆ ಅಂತ ಅಂದುಕೊಂಡು ಮಾಡಿದೆ.

ಇನ್ನು 2020ಕ್ಕೆ ಬರುತ್ತೇನೆ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತಲ್ಲ, ಆಗ ಅವ್ವ ನಮ್ಮ ಮನೆಗೆ ಬಂದವಳು ವಾಪಸು ಹೋಗಲು ಆಗದೆ ಇಲ್ಲೇ ಉಳಿದಳು. ಅವಳಿಗೆ ಆಗ 79 ವರ್ಷ. ತವರು ವಿಜಯಪುರ ಜಿಲ್ಲೆಯ ಭೀಮಾ ತೀರದ ಕಡೆ. ಜೋಳದ ರೊಟ್ಟಿ ಇಲ್ಲದೆ ಅವಳಿಗೆ ಊಟ ಊಟವೇ ಅಲ್ಲ. ನಮ್ಮ ಓಣಿಯ ಗಿರಣಿಯವನು ತನ್ನ ಊರಿಗೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ಮನೆಯಲ್ಲಿ ಜೋಳ ಇತ್ತು, ಹಿಟ್ಟು ಮುಗಿಯಿತು. ಹಿತ್ತಲಲ್ಲಿ ನಮ್ಮ ಅತ್ತೆಯ ಕಾಲದ ಬೀಸುವ ಕಲ್ಲು ಒಂದು ಬಿದ್ದಿತ್ತು. ಅದರ ಮೇಲೆ ನಾನು ತುಳಸಿ ಕುಂಡ ಇಟ್ಟಿದ್ದೆ. ಅವ್ವ ಮೂರು ದಿನ ಅದನ್ನೇ ನೋಡಿದಳು. ನಾಲ್ಕನೇ ದಿನ "ಆ ಕುಂಡ ಎತ್ತಿಡು" ಅಂದಳು.

ಎರಡೂ ಕಲ್ಲು ತೊಳೆದು ಬಿಸಿಲಿಗೆ ಇಟ್ಟೆವು. ಗೂಟ ಕೊಳೆತು ಹೋಗಿತ್ತು. ಹಳೇ ಪೊರಕೆಯ ಕೋಲು ಕೊಯ್ದು, ಬಟ್ಟೆ ಸುತ್ತಿ, ತೂತಿಗೆ ಬಡಿದು ಕೂರಿಸಿದೆವು. ಅವ್ವ ಒಂದು ಕಡೆ, ನಾನು ಒಂದು ಕಡೆ ಎದುರುಬದುರು ಕೂತೆವು. ಅವಳು ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿದಳು. ತಿರುಗಿಸಿದೆವು. ಎರಡು ಸುತ್ತು, ಮೂರು ಸುತ್ತು. ಆಮೇಲೆ ಅವಳು ಹಾಡಿದಳು.

ನಾನು ಹುಟ್ಟುವ ಹೊತ್ತಿಗೆ ಅವ್ವನ ಮನೆಯಲ್ಲಿ ಬೀಸುವುದು ನಿಂತುಹೋಗಿತ್ತು. ಊರಿಗೆ ಗಿರಣಿ ಬಂದಿತ್ತು. ಕಲ್ಲಿನ ಜತೆಗೆ ಹಾಡೂ ಮೂಲೆ ಸೇರಿತ್ತು. ಅವಳು ಹಾಡುತ್ತಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. 52 ವರ್ಷದ ಮಗಳು ನಾನು, ಅವತ್ತು ಮೊದಲ ಸಲ ನನ್ನ ಅವ್ವನ ಹಾಡು ಕೇಳಿದೆ. "ಯಾಕ ಇಷ್ಟ ದಿನ ಹಾಡಲಿಲ್ಲ ಯವ್ವಾ?" ಅಂತ ಕೇಳಿದರೆ, "ಕಲ್ಲ ಇದ್ದಿಲ್ಲಲ್ಲ" ಅಂದಳು. ಅವಳಿಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಕೈ ತಿರುಗಿದರೆ ಹಾಡು ಬರುತ್ತದೆ, ತಿರುಗದಿದ್ದರೆ ಇಲ್ಲ.

ಅವತ್ತು ಹಿಟ್ಟು ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಬಳಸದ ಕಲ್ಲು ಅಂತಲ್ಲ, ಬಳಸಿ ಬಳಸಿ ಒಳಮೈ ನುಣುಪಾದ ಕಲ್ಲು ಅದು. ಅದನ್ನು ಉಳಿ ಹಿಡಿದು ಮತ್ತೆ ಒರಟು ಮಾಡಿಸಬೇಕಿತ್ತು. ಆ ದಿನಗಳಲ್ಲಿ ಯಾರನ್ನು ಕರೆಯುವುದು? ಬಂದದ್ದು ನುಚ್ಚು. ಅದನ್ನೇ ಕುದಿಸಿ ಮಜ್ಜಿಗೆ ಹಾಕಿ ಉಂಡೆವು. ನನಗೆ ಅಷ್ಟು ರುಚಿಯ ಊಟ ಆ ವರ್ಷ ಬೇರೆ ಸಿಗಲಿಲ್ಲ.

ಇಲ್ಲಿ ತ್ರಿಪದಿಯ ಬಗ್ಗೆ ಸ್ವಲ್ಪ ಹೇಳಬೇಕು. ಮುಂದಿನ ಮಾತಿಗೆಲ್ಲ ಅದೇ ಆಧಾರ. ಸ್ಕೂಲಿನಲ್ಲಿ ಓದಿ ಮರೆತವರಿಗೆ ನೆನಪು ಮಾಡುತ್ತೇನೆ. ಮೂರು ಸಾಲು. ಮೊದಲ ಸಾಲಿಗೆ ನಾಲ್ಕು ಗಣ, ಅಂದರೆ ಲಯದ ನಾಲ್ಕು ತುಂಡು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಒಟ್ಟು 11. ಅದರಲ್ಲಿ 6ನೆಯದು ಮತ್ತು 10ನೆಯದು ಚಿಕ್ಕವು, ಬ್ರಹ್ಮಗಣ. ಉಳಿದ 9 ಅದಕ್ಕಿಂತ ಸ್ವಲ್ಪ ದೊಡ್ಡವು, ವಿಷ್ಣುಗಣ. ಇವು ಅಂಶಗಣಗಳು. ಅಂದರೆ ಅಕ್ಷರ ಎಷ್ಟು, ಮಾತ್ರೆ ಎಷ್ಟು ಅಂತ ಬಿಗಿಯಾಗಿ ಕಟ್ಟಿಹಾಕುವುದಿಲ್ಲ. ಹಾಡುವವರು ಎಳೆಯಬಹುದು, ಅದುಮಬಹುದು. ಗಣಕ್ಕೆ ತಕ್ಕ ಹೊತ್ತು ತುಂಬಿದರೆ ಸಾಕು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ತ್ರಿಪದಿ ಇದೆ, ಸುಮಾರು 1300 ವರ್ಷದ ಹಿಂದಿನದು. ಸರ್ವಜ್ಞ ಬಳಸಿದ್ದು ಇದನ್ನೇ. ನಮ್ಮ ಅವ್ವನ ತವರಿನ ಸೀಮೆಯಲ್ಲೇ ಹಲಸಂಗಿ ಇದೆ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಹೆಂಗಸರ ಬಾಯಿಂದ ಇಂಥ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ತಂದರು. ಆ ಪುಸ್ತಕ ನನ್ನ ಕಪಾಟಿನಲ್ಲಿ 30 ವರ್ಷದಿಂದ ಇತ್ತು. ನಾನು ಅದನ್ನು ಓದಿದ್ದೆ. ಕೇಳಿರಲಿಲ್ಲ.

ಪುಸ್ತಕದಲ್ಲಿ ಮೂರು ಸಾಲು. ಅವ್ವ ಹಾಡಿದರೆ ನಾಲ್ಕು. ಮೊದಮೊದಲು ನನಗೆ ಇದು ಗೊತ್ತಾಗಲಿಲ್ಲ, ಬರೆದುಕೊಳ್ಳಲು ಹೋದಾಗ ಗೊತ್ತಾಯಿತು. ಅವಳು ಮೊದಲ ಸಾಲು ಹಾಡುತ್ತಾಳೆ. ಎರಡನೇ ಸಾಲಿನಲ್ಲಿ ಮೂರು ಗಣ ಹಾಡಿ ನಿಂತುಬಿಡುತ್ತಾಳೆ. ನಾಲ್ಕನೆಯದನ್ನು ಹೇಳುವುದಿಲ್ಲ. ಸಾಲು ಅರ್ಧಕ್ಕೇ ನಿಂತಂತೆ ಇರುತ್ತದೆ. ಆಮೇಲೆ ಆ ಸಾಲಿನ ಶುರುವಿಗೇ ಮತ್ತೆ ಹೋಗುತ್ತಾಳೆ. ಅದೇ ಮೂರು ಗಣ ಮತ್ತೆ ಹಾಡಿ, ಈ ಸಲ ಬಿಟ್ಟ ನಾಲ್ಕನೆಯದನ್ನೂ ಸೇರಿಸಿ, ಅಲ್ಲಿಂದ ಮೂರನೇ ಸಾಲಿಗೆ ಇಳಿಯುತ್ತಾಳೆ. ಆ ಕಡೆ ಹಾಡುವ ಎಲ್ಲರೂ ಹೀಗೇ ಹಾಡುತ್ತಾರೆ, ಇದು ಅವಳೊಬ್ಬಳ ರೀತಿಯಲ್ಲ. ಛಂದಸ್ಸಿನ ಪಾಠದಲ್ಲಿ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿರುತ್ತಾರೆ. ಎದುರು ಕೂತು ಕಲ್ಲು ತಿರುಗಿಸುತ್ತಾ ಕೇಳಿದರೆ ಬೇರೆಯೇ. ಅರ್ಧಕ್ಕೆ ನಿಂತಾಗ ನಿಮ್ಮ ಮೈ ಕಾಯುತ್ತದೆ.

ನಾನು ಅವತ್ತು ರಾತ್ರಿಯೇ ಬರೆಯಲು ಕೂತೆ. ಈ ಹೊಸ ನೋಟ್‌ಬುಕ್ಕಿನ ಮೊದಲ ಹತ್ತು ಪುಟ ಆ ವಾರದ್ದು. ಈಗ ಓದಿದರೆ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಅವೆಲ್ಲ 1996ರ ಹುಡುಗಿಯ ಕವನಗಳು. ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಮುಂದುವರಿಸಲು ಹೋಗಿದ್ದೆ. ಅದೇ ಬೆಳದಿಂಗಳು, ಅದೇ ಒಂಟಿತನ, ಅದೇ ಉದ್ದುದ್ದ ಸಾಲು. 28 ವರ್ಷದವಳಾಗಿದ್ದಾಗ ಅದು ನನ್ನದೇ ದನಿ. 52ಕ್ಕೆ ಅದು ಅಲ್ಲ. ಹಳೆಯ ಬ್ಲೌಸು ಬೀರುವಿನಿಂದ ತೆಗೆದು ತೊಟ್ಟರೆ ಹೇಗಿರುತ್ತದೆ, ಹಾಗೆ. ಬಟ್ಟೆ ಚೆನ್ನಾಗೇ ಇರುತ್ತದೆ, ಕೈ ಎತ್ತಲು ಆಗುವುದಿಲ್ಲ. ಜೂನ್‌ವರೆಗೆ ಹೀಗೇ ಬರೆದೆ, ಹರಿದೆ. ನನ್ನಲ್ಲಿ ಕವಿತೆ ಮುಗಿದಿದೆ, ಸುಮ್ನೆ ಯಾಕೆ ಹಟ ಅಂತ ಅನ್ನಿಸಿತು. ನಿಜವಾಗಿ ಬಹಳ ಅತ್ತೆ ಆಗ. ಬಿಟ್ಟಾಗ ಆಗದ ನೋವು ಮರಳಿ ಬರುವಾಗ ಆಯಿತು.

ಒಂದು ದಿನ ಬೇರೇನೂ ತೋಚದೆ, ಅವ್ವನ ಅಳತೆಯಲ್ಲೇ ಒಂದು ಬರೆದು ನೋಡೋಣ ಅಂತ ಕೂತೆ. ಲೆಕ್ಕ ಹಾಕಿ, ಬೆರಳು ಮಡಚಿ ಬರೆದೆ. ಎರಡನೇ ಸಾಲಿನಲ್ಲಿ 'ಎಲ್ಲಿತ್ತೊ ಕವನ' ಅಂತ ಬಂತು. 'ಕವನ' ಬ್ರಹ್ಮಗಣ, ಮೂರು ಲಘು. ಪುಸ್ತಕದ ಪ್ರಕಾರ ಸರಿ. ಅವ್ವನಿಗೆ ಓದಿ ತೋರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಆ ಮಾತು ಅಲ್ಲಿ ಕುಂದ್ರಂಗಿಲ್ಲವಾ" ಅಂದಳು. "ಯಾವ್ದು?" ಅಂದೆ. "ಅದ, ಕವನ. ಹಾಡ ಅಂತನ್ನು."

ನಾನು ವಾದ ಮಾಡಿದೆ. ಲೆಕ್ಕ ಸರಿ ಇದೆ ಅಂದೆ. ಅವಳು ಏನೂ ಹೇಳದೆ ಬಲಗೈಯನ್ನು ಕಲ್ಲು ತಿರುಗಿಸುವ ಹಾಗೆ ಗಾಳಿಯಲ್ಲಿ ತಿರುಗಿಸಿದಳು. 'ಎಲ್ಲಿತ್ತೊ ಹಾ...' ಅಂತ ಎಳೆದಳು. ಆ 'ಹಾ' ಮುಗಿಯುವಷ್ಟರಲ್ಲಿ ಕೈ ಆ ಕಡೆಯಿಂದ ಈ ಕಡೆಗೆ ಬಂದಿತ್ತು. 'ಕವನ' ಅಂದರೆ ಮೂರು ಸಣ್ಣ ಅಕ್ಷರ ಟಕಟಕ ಅಂತ ಉದುರುತ್ತವೆ, ಕೈಗೆ ಎಳೆಯಲು ಜಾಗವೇ ಇಲ್ಲ. ಆ ತ್ರಿಪದಿ ಈಗ ಹೀಗಿದೆ:

ಕಲ್ಲೀನ ಮ್ಯಾಲಿನ ಧೂಳನ್ನ ಒರೆಸೀದೆ
ಎಲ್ಲಿತ್ತೊ ಹಾಡು ಇಂದೀನ – ತನಕಾನ
ಸೊಲ್ಲೆತ್ತಿ ಬಂದು ಕುಂತೈತಿ

ಅವ್ವ ಇದನ್ನು ಹಾಡಿ ತೋರಿಸಿದಳು. 'ಎಲ್ಲಿತ್ತೊ ಹಾಡು ಇಂದೀನ' ಅಂದು ನಿಂತಳು. ಮತ್ತೆ ಹೋಗಿ 'ಎಲ್ಲಿತ್ತೊ ಹಾಡು ಇಂದೀನ ತನಕಾನ' ಅಂದಳು. ಆಮೇಲೆ ಮೂರನೆಯದು. ಅವತ್ತು ನನಗೆ ನನ್ನ ತಪ್ಪು ಎಲ್ಲಿತ್ತು ಅಂತ ಹೊಳೆಯಿತು. ನಾನು ನಿಂತಲ್ಲಿಂದ ಮುಂದೆ ಹೋಗಲು ನೋಡುತ್ತಿದ್ದೆ. ಹಾಡು ಹಾಗೆ ಹೋಗುವುದಿಲ್ಲ. ನಿಂತ ಜಾಗಕ್ಕಿಂತ ಹಿಂದಕ್ಕೆ ಹೋಗುತ್ತದೆ. ಸಾಲಿನ ಬುಡಕ್ಕೆ ಹೋಗಿ ಅಲ್ಲಿಂದ ಮತ್ತೆ ಬರುತ್ತದೆ. ಬಿಟ್ಟುಹೋದ ಮಾತು ಆಗ ತಾನಾಗಿ ಜತೆಗೆ ಬರುತ್ತದೆ.

ನನ್ನ ಸಾಲಿನ ಬುಡ 1996 ಅಲ್ಲ. ಅದಕ್ಕಿಂತ ಹಿಂದೆ ಇದೆ. ಕಾಲೇಜಿನಲ್ಲಿ ನವ್ಯ ಕವಿತೆ ಓದಿ ಬೆರಗಾಗಿ ಬರೆಯಲು ಶುರು ಮಾಡುವ ಮುಂಚೆ ನನ್ನ ಕಿವಿಗೆ ಬಿದ್ದಿದ್ದ ಕನ್ನಡ ಯಾವುದು? ಅವ್ವನ ಮಾತು, ಸಂತೆಯ ಮಾತು, ಓಣಿಯ ಜಗಳ. ಅದನ್ನು ನಾನು ಕವಿತೆಗೆ ತಂದೇ ಇರಲಿಲ್ಲ. ಬರೆಯುವ ಕನ್ನಡ ಬೇರೆ, ಮನೆಯ ಕನ್ನಡ ಬೇರೆ ಅಂತ ಅಂದುಕೊಂಡಿದ್ದೆ.

ಹೀಗೆ ಹಿಂದೆ ಹೋಗಿ ಮರಳಿದವರು ಬೇರೆ ಯಾರಿದ್ದಾರೆ ಅಂತ ಆಮೇಲೆ ಹುಡುಕಿ ಓದಿದೆ. ಒಬ್ಬರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್, ಇಂಗ್ಲಿಷ್ ಕವಿ. 1868ರಲ್ಲಿ ಜೆಸ್ವಿಟ್ ಪಾದ್ರಿಗಳ ಸಂಘ ಸೇರುವಾಗ ಆತ ತನ್ನ ಕವಿತೆಗಳನ್ನು ಸುಟ್ಟ. ದೇವರ ಕೆಲಸಕ್ಕೆ ಹೊರಟವನಿಗೆ ಇದು ತಕ್ಕದ್ದಲ್ಲ, ಹಿರಿಯರು ಹೇಳದ ಹೊರತು ಬರೆಯುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡ. ಏಳು ವರ್ಷ ಹೆಚ್ಚುಕಡಿಮೆ ಏನೂ ಬರೆಯಲಿಲ್ಲ. 1875ರ ಡಿಸೆಂಬರ್‌ನಲ್ಲಿ 'ಡಾಯ್ಚ್‌ಲಾಂಡ್' ಅನ್ನುವ ಹಡಗು ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಮರಳದಿಬ್ಬಕ್ಕೆ ಸಿಕ್ಕಿತು. ಸತ್ತವರಲ್ಲಿ ಜರ್ಮನಿಯಿಂದ ಹೊರಹಾಕಿಸಿಕೊಂಡ ಐದು ಜನ ಸನ್ಯಾಸಿನಿಯರು ಇದ್ದರು. ಆಗ ಹಾಪ್ಕಿನ್ಸ್ ವೇಲ್ಸ್‌ನಲ್ಲಿ ಓದುತ್ತಿದ್ದ. ಇದರ ಮೇಲೆ ಯಾರಾದರೂ ಒಂದು ಕವಿತೆ ಬರೆದರೆ ಚೆನ್ನಾಗಿರುತ್ತದೆ ಅಂತ ಅಲ್ಲಿನ ಹಿರಿಯರು ಅಂದರು. ಅಷ್ಟು ಸಾಕಾಯಿತು. 35 ಪದ್ಯಗಳ ದೊಡ್ಡ ಕವಿತೆ ಬಂತು.

ನನಗೆ ಮುಖ್ಯವಾದದ್ದು ಇದು: ಆ ಕವಿತೆ ಆತ ಸುಟ್ಟ ಕವಿತೆಗಳ ಹಾಗೆ ಇಲ್ಲ. ಅದರ ಲಯವೇ ಹೊಸದು. ಒಂದು ಹೊಸ ಲಯದ ಸದ್ದು ಬಹಳ ದಿನದಿಂದ ತನ್ನ ಕಿವಿಯಲ್ಲಿ ಸುಳಿಯುತ್ತಿತ್ತು ಅಂತ ಆತ ಆಮೇಲೆ ಸ್ನೇಹಿತನಿಗೆ ಪತ್ರದಲ್ಲಿ ಬರೆದಿದ್ದಾನೆ. ಅಂದರೆ ಬರೆಯದ ವರ್ಷಗಳಲ್ಲೂ ಕಿವಿ ಸುಮ್ಮನೆ ಇರಲಿಲ್ಲ. ಆ ಲಯದಲ್ಲಿ ಲೆಕ್ಕ ಹಾಕುವುದು ಒತ್ತು ಬೀಳುವ ಜಾಗಗಳನ್ನು. ಎರಡು ಒತ್ತಿನ ನಡುವೆ ಹಗುರ ಅಕ್ಷರ ಹೆಚ್ಚೂ ಇರಬಹುದು, ಇಲ್ಲದೆಯೂ ಇರಬಹುದು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೆ. ನಮ್ಮ ಅಂಶಗಣದ ತಮ್ಮನ ಹಾಗಿದೆಯಲ್ಲ ಇದು! ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ, ಎರಡು ಭಾಷೆಯ ಉಸಿರೇ ಬೇರೆ. ಆದರೆ ಈ ಲಯ ಎಲ್ಲಿದೆ ಅಂತ ಹೇಳುವಾಗ ಆತ ತೋರಿಸುವುದು ಮಕ್ಕಳ ಪದ್ಯಗಳನ್ನು, ಮಳೆಗಾಳಿಯ ಬಗ್ಗೆ ಜನ ಆಡುವ ಗಾದೆಗಳನ್ನು. ಆತನೂ ಸಾಲಿನ ಬುಡಕ್ಕೇ ಹೋಗಿದ್ದ.

ಆ ಕವಿತೆಯನ್ನು ಅವರ ಸಂಘದ ಪತ್ರಿಕೆ ಪ್ರಕಟಿಸಲಿಲ್ಲ. ಆತ 1889ರಲ್ಲಿ ತೀರಿಕೊಂಡ. ಕವಿತೆಗಳ ಪುಸ್ತಕ ಬಂದದ್ದು 1918ರಲ್ಲಿ, ಗೆಳೆಯ ರಾಬರ್ಟ್ ಬ್ರಿಜಸ್ ತಂದದ್ದು. ಪ್ರಕಟವಾಗದಿದ್ದರೂ ಆತ ಮಾತ್ರ ಬರೆಯುತ್ತಲೇ ಇದ್ದ. ಇದನ್ನು ನಾನು ನನಗೇ ಆಗಾಗ ಹೇಳಿಕೊಳ್ಳುತ್ತೇನೆ.

ನಮ್ಮಲ್ಲಿ ಕೆ.ಎಸ್. ನರಸಿಂಹಸ್ವಾಮಿ ಇದ್ದಾರೆ. 1942ರ 'ಮೈಸೂರ ಮಲ್ಲಿಗೆ' ಎಲ್ಲರಿಗೂ ಗೊತ್ತು. ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿಯುತ್ತಾ ಬರೆದವರು. 1958ರ 'ಶಿಲಾಲತೆ'ಗೆ ಬರುವ ಹೊತ್ತಿಗೇ ದನಿ ಬದಲಾಗಿತ್ತು. 1960ರ 'ಮನೆಯಿಂದ ಮನೆಗೆ' ಆದ ಮೇಲೆ ಮುಂದಿನ ಸಂಕಲನಕ್ಕೆ ಓದುಗರು ಹತ್ತು ವರ್ಷಕ್ಕೂ ಜಾಸ್ತಿ ಕಾದರು. ಆಮೇಲೆ ಬಂದದ್ದು 'ತೆರೆದ ಬಾಗಿಲು'. 1977ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 80 ದಾಟಿದ ಮೇಲೂ ಅವರು ಸಂಕಲನ ತಂದರು. ಮಲ್ಲಿಗೆಯನ್ನೇ ಮತ್ತೆ ಮತ್ತೆ ಬರೆದಿದ್ದರೆ ಜನ ಬೇಡ ಅನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಬಹಳ ಗೌರವ.

ಪತ್ರಿಕೆಯಲ್ಲಿ ದುಡಿದವಳಾಗಿ ನನಗೆ ಇನ್ನೂ ಹತ್ತಿರದವರು ಪಿ. ಲಂಕೇಶ್. ಅವರು ಕವಿತೆ ಬರೆದವರು, 'ಅಕ್ಷರ ಹೊಸ ಕಾವ್ಯ' ಸಂಪಾದಿಸಿದವರು, ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನು ಕನ್ನಡಕ್ಕೆ ತಂದವರು. ಕತೆ, ನಾಟಕ, ಸಿನಿಮಾ ಎಲ್ಲ ಆಯಿತು. 1980ರಲ್ಲಿ ವಾರಪತ್ರಿಕೆ ಶುರು ಮಾಡಿದರು. ವಾರ ವಾರ ಪುಟ ತುಂಬಿಸುವ ಕೆಲಸ ಏನು ಅಂತ ಅದನ್ನು ಮಾಡಿದವರಿಗೇ ಗೊತ್ತು. ಆ ಗದ್ದಲದ ನಡುವೆ 'ನೀಲು' ಅನ್ನುವ ಹೆಣ್ಣಿನ ಹೆಸರಲ್ಲಿ ನಾಲ್ಕಾರು ಸಾಲಿನ ಪುಟ್ಟ ಪದ್ಯಗಳು ಬರತೊಡಗಿದವು. ರಾಜಕೀಯದ ವರದಿ ಓದುತ್ತಾ ಪುಟ ತಿರುಗಿಸಿದರೆ ಅಲ್ಲಿ ನೀಲು ಇರುತ್ತಿದ್ದಳು. ನಾನು ಕಾಲೇಜಿನಲ್ಲಿದ್ದಾಗ ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ಹುಡುಕುತ್ತಿದ್ದದ್ದು ಅದನ್ನೇ. ಪತ್ರಿಕೆಯ ಕೆಲಸ ಕವಿತೆಯನ್ನು ತಿಂದುಹಾಕುತ್ತದೆ ಅಂತ ನಾನು 24 ವರ್ಷ ಅಂದುಕೊಂಡೆ. ನನ್ನ ಕಣ್ಣೆದುರೇ ಅದಕ್ಕೆ ಉತ್ತರ ಇತ್ತು, ನೋಡಲಿಲ್ಲ. ಬಿಡುವು ಸಿಕ್ಕಾಗ ಬರೆಯುವ ದೊಡ್ಡ ಕವಿತೆಗೆ ನಾನು ಕಾದೆ. ಅಂಗೈ ಅಗಲದ ಜಾಗಕ್ಕೆ ಹಿಡಿಸುವ ಕವಿತೆಯನ್ನು ಯೋಚಿಸಲೇ ಇಲ್ಲ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಇದು ಎಲ್ಲರಿಗೂ ಆಗಬೇಕು ಅಂತಿಲ್ಲ. ದಿನಕ್ಕೆ ಒಂದು ಮಾತು ಬರೆದುಕೊಳ್ಳುತ್ತೇನೆ. ನನ್ನ ಮಾತಲ್ಲ, ಕಿವಿಗೆ ಬಿದ್ದದ್ದು. ಹೋದ ವಾರ ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತವರಿಗೆ ಹೇಳಿದ್ದು: "ಒಳಗ ಜಾಗ ಐತಿ, ಮನಸ್ಸ ಮಾಡ್ರಿ." ಇದನ್ನು ನಾನು ಯೋಚಿಸಿ ಬರೆಯಲು ಸಾಧ್ಯವಿತ್ತಾ? ಸೊಪ್ಪು ಮಾರುವ ಅಜ್ಜಿಗೆ ಯಾಕಜ್ಜಿ ಮೆಂತ್ಯ ಇಷ್ಟು ಬಾಡಿದೆ ಅಂದರೆ, "ನಾನೂ ಮುಂಜಾನಿಂದ ಬಿಸಲಾಗ ಕುಂತೀನಿ" ಅಂದಳು. ನಾನು ಮೆಂತ್ಯ ತಗೊಂಡು ಬಂದೆ. ಆ ಮಾತು ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ಹಾಗೇ ಇತ್ತು. ಆಮೇಲೆ ಕವಿತೆಯಾಯಿತು. ಕೆಲವು ಮಾತು ಏನೂ ಆಗುವುದಿಲ್ಲ. ಇರಲಿ, ಅವು ಅಲ್ಲಿರುತ್ತವೆ.

ಬರೆದ ಮೇಲೆ ಗಟ್ಟಿಯಾಗಿ ಓದುತ್ತೇನೆ, ಕೈ ಆಡಿಸುತ್ತಾ ಓದುತ್ತೇನೆ. ಅವ್ವ ಇದ್ದಿದ್ದರೆ ಎಲ್ಲಿ ತಲೆ ಆಡಿಸುತ್ತಿದ್ದಳು, ಎಲ್ಲಿ 'ಕುಂದ್ರಂಗಿಲ್ಲ' ಅನ್ನುತ್ತಿದ್ದಳು ಅಂತ ಕಿವಿಗೊಡುತ್ತೇನೆ. ಅವ್ವ ಹೋಗಿ ಈಗ ಎರಡು ವರ್ಷ.

(ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ನೀರು ಕೊಟ್ಟಳು.)

ಕವಿತೆ ಮರಳಿ ಬಂದದ್ದರಿಂದ ನನ್ನ ಉಳಿದ ಬರವಣಿಗೆಗೆ ಏನಾಯಿತು ಅಂತಲೂ ಹೇಳಬೇಕು. ಕತೆ ಬರೆಯುವವರು ಇಲ್ಲಿ ಕೆಲವರು ಕೂತಿದ್ದೀರಿ. ಮೊದಲು ನನ್ನ ಕತೆಯಲ್ಲಿ ಇಂಥ ವಾಕ್ಯ ಬರುತ್ತಿತ್ತು: 'ಅವಳು ತುಂಬಾ ದುಃಖದಿಂದ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದಳು.' ಹಳೆಯ ಕತೆಯೊಂದನ್ನು ಹೋದ ವರ್ಷ ಮತ್ತೆ ತಿದ್ದುವಾಗ ಈ ವಾಕ್ಯ ಸಿಕ್ಕಿತು. ಗಟ್ಟಿಯಾಗಿ ಓದಿದೆ. 'ದುಃಖ' ಅನ್ನುವ ಮಾತು ಅಲ್ಲಿ ಕೂರಲಿಲ್ಲ. ಈಗ ಅದು ಹೀಗಿದೆ: 'ಅವಳು ಕಿಟಕಿ ಹಾಕಿದಳು. ಮತ್ತೆ ತೆಗೆದಳು.' ಇದು ದೊಡ್ಡ ಸಾಧನೆ ಅಂತಲ್ಲ. ಆದರೆ ಕವಿತೆ ಬರೆಯದೆ ಇದ್ದಿದ್ದರೆ ಆ ಹಳೆಯ ವಾಕ್ಯ ನನ್ನ ಕಿವಿಗೆ ಚುಚ್ಚುತ್ತಲೇ ಇರಲಿಲ್ಲ.

ಅನುವಾದದಲ್ಲಿ ಇನ್ನೂ ಜಾಸ್ತಿ ಬದಲಾಯಿತು. ಮರಾಠಿ ಕತೆಗಳಲ್ಲಿ ನಡುನಡುವೆ ಓವಿ ಬರುತ್ತದೆ. ಅಲ್ಲಿನ ಹೆಂಗಸರು ಬೀಸುತ್ತಾ ಹಾಡುವ ಪದ ಅದು. ಅವರ ಬೀಸುವ ಕಲ್ಲಿಗೆ ಜಾತಂ ಅಂತ ಹೆಸರು. ಮುಂಚೆ ನಾನು ಓವಿ ಬಂದ ಕಡೆ 'ಅವಳು ಹಾಡಿದಳು' ಅಂತ ಬರೆದು, ಅರ್ಥವನ್ನು ಗದ್ಯದಲ್ಲಿ ಹೇಳಿ ದಾಟಿಬಿಡುತ್ತಿದ್ದೆ. ಕತೆಯ ಜೀವ ಇರುವ ಜಾಗವನ್ನೇ ದಾಟುತ್ತಿದ್ದೆ ಅಂತ ಈಗ ನಾಚಿಕೆಯಾಗುತ್ತದೆ. ಈಗ ಓವಿಯನ್ನು ತ್ರಿಪದಿಗೆ ತರಲು ನೋಡುತ್ತೇನೆ. ಒಂದು ಓವಿಗೆ ನಾಲ್ಕು ದಿನ ಹಿಡಿದದ್ದೂ ಇದೆ. ಗಡಿಯ ಆ ಕಡೆಯ ಕಲ್ಲಿನ ಹಾಡು ಈ ಕಡೆಯ ಕಲ್ಲಿನ ಮೇಲೆ ಕೂತಾಗ ಆಗುವ ಸಂತೋಷ ಇದೆಯಲ್ಲ, ಅದಕ್ಕೆ ನಾಲ್ಕು ದಿನ ಏನೂ ಅಲ್ಲ.

ಹಾಗಾಗಿ ಕವಿತೆ ನನಗೆ ಬರವಣಿಗೆಯ ಒಂದು ಬಗೆ ಅಂತ ಈಗ ಅನ್ನಿಸುವುದಿಲ್ಲ. ಕಲ್ಲನ್ನು ಉಳಿಯಿಂದ ಒರಟು ಮಾಡಿಸುತ್ತಾರೆ ಅಂದೆನಲ್ಲ, ಅದು ಆ ಕೆಲಸ. ದಿನಾ ಬರೆಯುವವರ ಮಾತು ಬಳಸಿ ಬಳಸಿ ನುಣುಪಾಗುತ್ತದೆ. ಕಾಳು ಹಾಕಿದರೆ ಜಾರುತ್ತದೆ, ಬೀಸುವುದಿಲ್ಲ. ನನ್ನ ಕತೆಗಳಿಗೂ ಹಾಗೇ ಆಗಿತ್ತು.

ಪ್ರಶ್ನೆ ಕೇಳುವ ಹೊತ್ತಿನಲ್ಲಿ ಬಿ.ಎ. ಓದುವ ಹುಡುಗನೊಬ್ಬ ಕೇಳಿದ: "ಮೇಡಂ, ಆ 24 ವರ್ಷ ಹೋಯ್ತಲ್ಲ ಅಂತ ಬೇಜಾರಿಲ್ವಾ?" ಇದೆ ಅಂದೆ. ಸುಳ್ಳು ಹೇಳಬಾರದು. 35ನೇ ವಯಸ್ಸಿನ ನನ್ನ ಕವಿತೆ ಹೇಗಿರುತ್ತಿತ್ತೋ ಅದನ್ನು ಯಾರೂ ಓದಲಾರರು, ನಾನೂ ಓದಲಾರೆ. ಮಗಳು ಚಿಕ್ಕವಳಿದ್ದಾಗಿನ ಒಂದು ಸಾಲೂ ನನ್ನಲ್ಲಿಲ್ಲ. ಆದರೆ ಆ ವರ್ಷಗಳಲ್ಲಿ ಮಾತು ತೂಗುವುದನ್ನು ಕಲಿತ ಕೈ ನನ್ನ ಹತ್ತಿರ ಇದೆ, ಅದೂ ನಿಜ. ಎರಡನ್ನೂ ಹೇಳಿದೆ. ಅವನು ಇನ್ನೊಂದು ಕೇಳಿದ, ಬರೆಯುವುದು ಬಿಟ್ಟ ಗೆಳೆಯನಿಗೆ ಏನು ಹೇಳಲಿ ಅಂತ. ಬರಿ ಅಂತ ಹೇಳಬೇಡ, ಅವನ ಮನೆಯಲ್ಲಿ ಯಾರು ಹಾಡುತ್ತಾರೆ ಅಂತ ಕೇಳು ಅಂದೆ.

ಮಾತು ಮುಗಿದು ಜನ ಚಹಾಕ್ಕೆ ಇಳಿದ ಮೇಲೆ 70ರ ಆಸುಪಾಸಿನ ಒಬ್ಬ ತಾಯಿ ಹತ್ತಿರ ಬಂದರು. ಸೆರಗು ಸರಿ ಮಾಡಿಕೊಂಡು, "ನಮ್ಮತ್ತಿ ಒಂದು ಪದ ಹಾಡ್ತಿದ್ರ ರೀ, ನಿಮಗ ಹೇಳ್ತೀನಿ" ಅಂದರು. ಮೊದಲ ಸಾಲು ಚೆನ್ನಾಗಿ ಬಂತು. ಎರಡನೇ ಸಾಲು ಮೂರು ಗಣ ಆಗಿ ನಿಂತಿತು. ಮತ್ತೆ ಹೋದರು, ಅಲ್ಲೇ ನಿಂತರು. ಮೂರನೇ ಸಲವೂ ನಾಲ್ಕನೇ ಮಾತು ಬರಲಿಲ್ಲ. ಅವರ ಕಣ್ಣು ತುಂಬಿತು. "ಇಲ್ಲೇ ಇತ್ತ ರೀ" ಅಂತ ಕೊರಳು ಮುಟ್ಟಿಕೊಂಡರು. ನನ್ನ ಫೋನ್ ನಂಬರ್ ಬರೆಸಿಕೊಂಡು ಹೋದರು.

ನಾಲ್ಕು ದಿನ ಆದ ಮೇಲೆ, ಬೆಳಗ್ಗೆ ಆರು ಗಂಟೆಗೆ ಹಾಲು ಕಾಯಿಸುತ್ತಿದ್ದೆ, ಫೋನ್ ಬಂತು. ಹಲೋ ಅನ್ನಲಿಲ್ಲ, ಯಾರು ಅಂತ ಹೇಳಲಿಲ್ಲ. ಆ ಕಡೆಯಿಂದ ಎರಡನೇ ಸಾಲು ಬುಡದಿಂದ ಶುರುವಾಯಿತು. ನಾನು ಒಲೆ ಆರಿಸಿ ಪೆನ್ನು ಹುಡುಕಿದೆ.